ಇಂಡೀಪಾಪ್: ಹೊಸ ರಿಲೀಸ್ ಎಲ್ಲಿ ಹುಡುಕೋದು, ಮರೆತುಹೋದ ಹಳೇ ಬ್ಯಾಂಡ್‌ಗಳ ಜಾಡು ಹಿಡಿಯೋದು ಹೇಗೆ?

ರಿವರ್ಬ್_ರಾಣಿ:

ಸ್ಟ್ರೀಮಿಂಗ್ ಆ್ಯಪ್‌ನಲ್ಲಿ ಇಂಡೀ ಪಾಪ್ ಅಂತ ಹೊಡೆದರೆ ಒಂದೋ ನುಣ್ಣಗೆ ಪಾಲಿಶ್ ಮಾಡಿದ ಸಿಂಥ್ ಪಾಪ್ ಬಂದು ಬೀಳುತ್ತೆ, ಇಲ್ಲಾ ಅವೇ ನಾಲ್ಕು ಹಳೇ ಹೆಸರು. ಬೇಕಿರೋದು ಕಿಣಿಕಿಣಿ ಗಿಟಾರು, ಎರಡೂವರೆ ನಿಮಿಷದ ಹಾಡು, ಮುನ್ನೂರು ಪ್ರತಿ ಒತ್ತಿಸೋ ಪುಟ್ಟ ಲೇಬಲ್‌ಗಳ, ಅಂದರೆ ರೆಕಾರ್ಡ್ ಕಂಪನಿಗಳ, ಸರಕು. ಹೊಸದನ್ನು ವಾರಕ್ಕೆ ಒಂದು ಗಂಟೆಯೊಳಗೆ ಜರಡಿ ಹಿಡಿಯೋ ಕ್ರಮ ಯಾವುದು? ಎಂಬತ್ತರ ದಶಕದಲ್ಲಿ ಒಂದೇ ಸಿಂಗಲ್ ಹಾಕಿ ಮಾಯವಾದ ಬ್ಯಾಂಡ್‌ಗಳನ್ನು ಹುಡುಕೋದು ಎಲ್ಲಿಂದ ಶುರು ಮಾಡಬೇಕು? ಕೊನೆಗೆ ಫ್ಲೆಕ್ಸಿ ಡಿಸ್ಕ್ (ಬಾಗೋ ತೆಳು ಪ್ಲಾಸ್ಟಿಕ್ ರೆಕಾರ್ಡ್) ಅಥವಾ ಕ್ಯಾಸೆಟ್ ಮಾತ್ರ ಸಿಕ್ಕರೆ ಕೊಳ್ಳುವಾಗ, ಡಿಜಿಟಲ್ ಮಾಡುವಾಗ ಏನು ನೋಡಬೇಕು? ಪ್ಲೇಲಿಸ್ಟ್ ಲಿಂಕ್ ಬೇಡ, ವಿಧಾನ ಹೇಳಿ.

ಏಳಿಂಚು:

ಮೊದಲ ತಪ್ಪು ಆ ಎರಡು ಪದಗಳ ನಡುವಿನ ಜಾಗ. ‘ಇಂಡೀ ಪಾಪ್’ ಅಂತ ಬಿಡಿಸಿ ಬರೆದರೆ ಅದು ಈಗ ಯಾರು ಬೇಕಾದರೂ ಅಂಟಿಸಿಕೊಳ್ಳೋ ಚೀಟಿ. ‘ಇಂಡೀಪಾಪ್’ ಅಂತ ಕೂಡಿಸಿ ಬರೆಯೋರು ಸಾಮಾನ್ಯವಾಗಿ ಏನು ಹೇಳ್ತಿದ್ದೀವಿ ಅಂತ ಗೊತ್ತಿದ್ದೇ ಬರೀತಾರೆ. ಬ್ಯಾಂಡ್‌ಗಳೇ ನೇರ ಸಂಗೀತ ಮಾರೋ ಸೈಟ್ ಬ್ಯಾಂಡ್‌ಕ್ಯಾಂಪ್‌ನಲ್ಲಿ ಕೂಡಿಸಿದ ಪದ, ಜ್ಯಾಂಗಲ್ ಪಾಪ್ (ಕಿಣಿಕಿಣಿ ಗಿಟಾರಿನದು), ಟ್ವೀ (ಮುಗ್ಧ, ಮುದ್ದು ಧಾಟಿಯದು), ಸಿ86 (1986ರ ಒಂದು ಸಂಕಲನದ ಹೆಸರು) ಈ ನಾಲ್ಕು ಟ್ಯಾಗ್ ಬೇರೆ ಬೇರೆಯಾಗಿ ನೋಡಿ. ಹೊಸದು ಮೊದಲು ಬರೋ ಹಾಗೆ ಜೋಡಿಸಿ, ಫಾರ್ಮ್ಯಾಟ್ ಜಾಗದಲ್ಲಿ ಒಮ್ಮೆ ವಿನೈಲ್, ಇನ್ನೊಮ್ಮೆ ಕ್ಯಾಸೆಟ್ ಆರಿಸಿ. ಕೈಯಿಂದ ದುಡ್ಡು ಹಾಕಿ ಒತ್ತಿಸಿದವರಷ್ಟೇ ಉಳೀತಾರೆ, ಅರ್ಧಕ್ಕರ್ಧ ಕಸ ಅಲ್ಲೇ ಉದುರುತ್ತೆ. ಬರೀ ಡಿಜಿಟಲ್ ಹಾಕೋ ಒಳ್ಳೆ ಬ್ಯಾಂಡ್‌ಗಳು ತಪ್ಪಿಹೋಗ್ತವೆ, ನಿಜ. ಅವನ್ನು ಇನ್ನೊಂದು ದಾರಿಯಿಂದ ಹಿಡೀಬೇಕು.

ಆ ದಾರಿ ಅಂದರೆ ಕೊಂಡವರ ಪಟ್ಟಿ. ನಿಮಗೆ ಹಿಡಿಸಿದ, ಆದರೆ ಹೆಚ್ಚು ಜನಕ್ಕೆ ಗೊತ್ತಿಲ್ಲದ ಒಂದು ಆಲ್ಬಮ್ ತೆಗೀರಿ. ಕವರ್ ಚಿತ್ರದ ಕೆಳಗೆ ಅದನ್ನು ಕೊಂಡವರ ಪುಟ್ಟ ಫೋಟೋಗಳಿರ್ತವೆ. ಒಂದೊಂದನ್ನೇ ಒತ್ತಿ ಅವರ ಸಂಗ್ರಹ ನೋಡಿ. ಐದು ಸಾವಿರ ಆಲ್ಬಮ್ ಇಟ್ಟವರನ್ನು ಬಿಡಿ, ಅವರು ಸಿಕ್ಕಿದ್ದೆಲ್ಲ ಕೊಳ್ಳೋರು. ಇನ್ನೂರರಿಂದ ಆರುನೂರು ಇರೋರೇ ಬೇಕು. ಅವರ ಸಂಗ್ರಹದಲ್ಲಿ ನಿಮ್ಮ ಹತ್ತಿರ ಈಗಾಗಲೇ ಇರೋದು ಐದಾರಾದರೂ ಕಂಡರೆ ಫಾಲೋ ಮಾಡಿ. ಇಂಥ ಹತ್ತು ಜನ ಸಿಕ್ಕರೆ ಅಲ್ಗಾರಿದಮ್ ಗೊಡವೆಯೇ ಬೇಡ.

ಲೇಬಲ್‌ಗಳಲ್ಲಿ ಮೊದಲಿಗೆ ಇವು ಸಾಕು: 1989ರಲ್ಲಿ ಶುರುವಾದ ಅಮೆರಿಕದ ಸ್ಲಂಬರ್‌ಲ್ಯಾಂಡ್, ಅದೇ ವರ್ಷದ ಮ್ಯಾಡ್ರಿಡ್‌ನ ಎಲೆಫಾಂತ್, ಬರ್ಲಿನ್‌ನ ಫೈರ್‌ಸ್ಟೇಷನ್, ಇಂಗ್ಲೆಂಡ್‌ನ ಸ್ಕೆಪ್ ವ್ಯಾಕ್ಸ್, ಜೊತೆಗೆ ಕ್ಲೌಡ್‌ಬೆರಿ. ಫಾಲೋ ಮಾಡಿದರೆ ಪ್ರತಿ ರಿಲೀಸ್‌ಗೂ ಮೇಲ್ ಬರುತ್ತೆ. ಅದಕ್ಕೆ ಬೇರೆ ಫೋಲ್ಡರ್ ಮಾಡಿ ಫಿಲ್ಟರ್ ಹಾಕಿಬಿಡಿ. 2020ರ ಮಾರ್ಚ್‌ನಲ್ಲಿ ಬ್ಯಾಂಡ್‌ಕ್ಯಾಂಪ್ ಫ್ರೈಡೇ ಶುರುವಾದ ಮೇಲೆ ಬಹಳಷ್ಟು ಲೇಬಲ್‌ಗಳು ರಿಲೀಸನ್ನು ಆ ಶುಕ್ರವಾರಕ್ಕೇ ಕಾದಿಡ್ತವೆ. ಅವತ್ತು ಇನ್‌ಬಾಕ್ಸ್ ತುಂಬಿ ಹರಿಯುತ್ತೆ. ಪ್ರೀ-ಆರ್ಡರ್ ಹಂತದಲ್ಲಿ ಒಂದೆರಡು ಹಾಡಷ್ಟೇ ಕೇಳೋಕೆ ಸಿಗುತ್ತೆ, ಅದನ್ನು ಕೇಳಿ ತೀರ್ಪು ಕೊಡಬೇಡಿ. ವಿಶ್‌ಲಿಸ್ಟ್‌ಗೆ ಹಾಕಿ, ಬಿಡುಗಡೆಯ ದಿನ ಪೂರ್ತಿ ಕೇಳಿ.

ಸ್ಪಾಟಿಫೈ ಬಿಡೋಕೆ ಆಗಲ್ಲ ಅನ್ನೋರು ಹುಡುಕೋ ಜಾಗದಲ್ಲಿ ಲೇಬಲ್ ಅಂತ ಇಂಗ್ಲಿಷಿನಲ್ಲಿ ಹೊಡೆದು, ಕೋಲನ್ ಹಾಕಿ, ಲೇಬಲ್ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಕೊಡಿ. ಪಕ್ಕದಲ್ಲಿ ಇಯರ್ ಅಂತ ಕೋಲನ್ ಜೊತೆ ವರ್ಷ. ದೊಡ್ಡ ಲೇಬಲ್‌ಗಳಿಗೆ ಚೆನ್ನಾಗಿ ಕೆಲಸ ಮಾಡುತ್ತೆ. ಪುಟ್ಟವುಗಳಲ್ಲಿ ಕೈಕೊಡುತ್ತೆ, ಯಾಕಂದರೆ ವಿತರಕರ ಮೂಲಕ ಅಪ್‌ಲೋಡ್ ಮಾಡುವಾಗ ಲೇಬಲ್ ಕಾಲಮ್‌ನಲ್ಲಿ ಬ್ಯಾಂಡ್ ತನ್ನ ಹೆಸರನ್ನೇ ತುಂಬಿರುತ್ತೆ.

ಮ್ಯಾಟ್ರಿಕ್ಸ್_ನಂಬರ್:

ಹಳೆಯದರ ಬಗ್ಗೆ ನಾನು ಹೇಳ್ತೀನಿ. ಇಲ್ಲೂ ಬ್ಯಾಂಡ್ ಹೆಸರಿನಿಂದ ಶುರು ಮಾಡಬೇಡಿ, ಲೇಬಲ್‌ನಿಂದ ಶುರು ಮಾಡಿ. ರೆಕಾರ್ಡ್‌ಗಳ ಪಟ್ಟಿ ಇಡೋ ಸೈಟ್ ಡಿಸ್ಕಾಗ್ಸ್‌ನಲ್ಲಿ ಲೇಬಲ್ ಪುಟ ತೆಗೆದು ಕ್ಯಾಟಲಾಗ್ ನಂಬರ್ (ಲೇಬಲ್ ಪ್ರತಿ ರಿಲೀಸ್‌ಗೂ ಕೊಡೋ ಕ್ರಮಸಂಖ್ಯೆ) ಪ್ರಕಾರ ಜೋಡಿಸಿ, ಒಂದರಿಂದ ಕೆಳಗಿಳೀತಾ ಹೋಗಿ. ಬ್ರಿಸ್ಟಲ್‌ನ ಸಾರಾ ರೆಕಾರ್ಡ್ಸ್ (1987–1995) ಅಭ್ಯಾಸಕ್ಕೆ ಹೇಳಿ ಮಾಡಿಸಿದ್ದು. ನೂರಕ್ಕೆ ಬಂದು ತಾನಾಗೇ ಬಾಗಿಲು ಹಾಕಿತು. ಆದರೆ ಆ ನೂರೂ ರೆಕಾರ್ಡ್ ಅಲ್ಲ: 4ನೇ ನಂಬರ್ ಒಂದು ಫ್ಯಾನ್‌ಜೀನ್ (ಅಭಿಮಾನಿಗಳೇ ಮಾಡೋ ಪುಟ್ಟ ಪತ್ರಿಕೆ), 50ನೆಯದು ಒಂದು ಬೋರ್ಡ್ ಗೇಮ್. ಪಟ್ಟಿಯಲ್ಲಿ ರಂಧ್ರ ಕಂಡಕೂಡಲೇ ಕಳೆದುಹೋದ ಸಿಂಗಲ್ ಸಿಕ್ಕಿತು ಅಂತ ಕುಣಿಯಬೇಡಿ ಅನ್ನೋದಕ್ಕೆ ಈ ಮಾತು.

ಹೆಸರಿನ ಗೊಂದಲ ದೊಡ್ಡ ತಲೆನೋವು. ಹೆವೆನ್ಲಿ ಅಂತ ಆಕ್ಸ್‌ಫರ್ಡ್‌ನ ಬ್ಯಾಂಡ್ ಇದೆ, ಫ್ರಾನ್ಸ್‌ನ ಪವರ್ ಮೆಟಲ್ ಬ್ಯಾಂಡೂ ಇದೆ. ದಿ ವೇಕ್ ಅಂದರೆ ಗ್ಲಾಸ್ಗೋದವರೂ ಹೌದು, ಅಮೆರಿಕದ ಗಾಥ್ ತಂಡವೂ ಹೌದು. ವೆಲಾಸಿಟಿ ಗರ್ಲ್ ಅಂತೂ ಪ್ರೈಮಲ್ ಸ್ಕ್ರೀಮ್‌ನ ಹಾಡಿನ ಹೆಸರು, ಆಮೇಲೆ ವಾಷಿಂಗ್ಟನ್ ಕಡೆಯ ಒಂದು ಬ್ಯಾಂಡಿನ ಹೆಸರು. ಸ್ಟ್ರೀಮಿಂಗ್‌ನಲ್ಲಿ ಇವು ಒಂದೇ ಪುಟದಲ್ಲಿ ಕಲಸಿಹೋಗೋದುಂಟು. ಡಿಸ್ಕಾಗ್ಸ್ ಒಂದೇ ಹೆಸರಿನವರನ್ನು ಬೇರ್ಪಡಿಸೋಕೆ ಹೆಸರಿನ ಕೊನೆಗೆ ಆವರಣದಲ್ಲಿ ಅಂಕಿ ಕೊಡುತ್ತೆ. ಆ ಅಂಕಿ ನೋಡದೆ ಆರ್ಡರ್ ಮಾಡಬೇಡಿ.

ಮುಂದಿನ ಮೆಟ್ಟಿಲು ಸಂಕಲನಗಳು. ಬ್ರಿಟನ್ನಿನ ಸಂಗೀತ ಪತ್ರಿಕೆ ಎನ್‌ಎಂಇಯ ಸಿ86 ಕ್ಯಾಸೆಟ್‌ನಲ್ಲಿ (1986) 22 ಬ್ಯಾಂಡ್. 2014ರಲ್ಲಿ ಚೆರಿ ರೆಡ್ ಅದನ್ನು ಮೂರು ಸಿಡಿಗೆ ಹಿಗ್ಗಿಸಿತು. ಆಮೇಲೆ ಸಿ87, ಸಿ88, ಸಿ89 ಅಂತ ಸಾಲು ಬೆಳೆಯಿತು. ಅದೇ ಕಂಪನಿಯ ‘ಸ್ಕೇರ್ಡ್ ಟು ಗೆಟ್ ಹ್ಯಾಪಿ’ (2013) ಐದು ಸಿಡಿ. ಅಮೆರಿಕದ ಕಡೆಗೆ ಕ್ಯಾಪ್ಚರ್ಡ್ ಟ್ರ್ಯಾಕ್ಸ್‌ನ ‘ಸ್ಟ್ರಮ್ ಅಂಡ್ ಥ್ರಮ್’ (2020). ನ್ಯೂಜಿಲೆಂಡ್‌ಗೆ ಫ್ಲೈಯಿಂಗ್ ನನ್‌ನ 1982ರ ‘ಡನೀಡಿನ್ ಡಬಲ್’ ಇಪಿ, ಅದರಲ್ಲಿ ನಾಲ್ಕು ಬ್ಯಾಂಡ್. ನಿಜವಾದ ಅಜ್ಞಾತವಾಸಿಗಳು ಬೇಕಾದರೆ ‘ದಿ ಸೌಂಡ್ ಆಫ್ ಲೆಮಿಂಗ್ಟನ್ ಸ್ಪಾ’ ಸರಣಿ ಹಿಡೀರಿ. ಸಂಕಲನವನ್ನು ಬರೀ ಕೇಳಿ ಮುಗಿಸಬೇಡಿ, ಕಿರುಪುಸ್ತಿಕೆ ಓದಿ. ಪ್ರತಿ ಹಾಡಿನ ಮೂಲ ಲೇಬಲ್, ಕ್ಯಾಟಲಾಗ್ ನಂಬರ್ ಬರೆದಿಟ್ಟುಕೊಂಡರೆ ಹೊಸ ಲೇಬಲ್ ಪುಟಗಳು ತಾವಾಗೇ ತೆರೆದುಕೊಳ್ತವೆ. ಬಿಬಿಸಿಯ ನಿರೂಪಕ ಜಾನ್ ಪೀಲ್ ಅವರ ರೇಡಿಯೋ ಕಾರ್ಯಕ್ರಮದ ಪ್ಲೇಲಿಸ್ಟ್‌ಗಳನ್ನು ಅಭಿಮಾನಿಗಳು ದಿನಾಂಕವಾರು ವಿಕಿಯಲ್ಲಿ ಬರೆದಿಟ್ಟಿದ್ದಾರೆ. 1985ರಿಂದ 88ರವರೆಗಿನ ಪುಟಗಳು ಚಿನ್ನದ ಗಣಿ.

ಇನ್ನು ಜನರ ಜಾಡು. ರೆಕಾರ್ಡ್ ಪುಟದ ಕೆಳಗಿರೋ ಕ್ರೆಡಿಟ್ಸ್‌ನಲ್ಲಿ ಹಾಡಿದವರು, ಬಾರಿಸಿದವರು, ರೆಕಾರ್ಡ್ ಮಾಡಿದವರು ಎಲ್ಲರ ಹೆಸರೂ ಒತ್ತಬಹುದು. ಅಮೀಲಿಯಾ ಫ್ಲೆಚರ್ ಹೆಸರು ಒತ್ತಿ ನೋಡಿ: ತಲೂಲಾ ಗಾಶ್, ಹೆವೆನ್ಲಿ, ಮರೀನ್ ರಿಸರ್ಚ್, ಟೆಂಡರ್ ಟ್ರ್ಯಾಪ್, ಕೇಟನರಿ ವೈರ್ಸ್, ಸ್ವಾನ್ಸಿ ಸೌಂಡ್. 1986ರಲ್ಲಿ ಹಿಡಿದ ದಾರ ನೇರ ಇವತ್ತಿಗೆ ಬಂದು ನಿಲ್ಲುತ್ತೆ, ಯಾಕಂದರೆ ಏಳಿಂಚು ಹೇಳಿದ ಸ್ಕೆಪ್ ವ್ಯಾಕ್ಸ್ ನಡೆಸೋರು ಅವರು ಮತ್ತು ಅದೇ ಬ್ಯಾಂಡ್‌ಗಳಲ್ಲಿ ನುಡಿಸಿದ ರಾಬ್ ಪರ್ಸಿ. ಈ ಸಂಗೀತದಲ್ಲಿ ಹಳೆಯದು, ಹೊಸದು ಅಂತ ಎರಡು ಹುಡುಕಾಟ ಇಲ್ಲ, ಒಂದೇ.

ರಿವರ್ಬ್_ರಾಣಿ:

ತುಂಬಾ ಉಪಯೋಗವಾಯ್ತು. ಎಂಬತ್ತರದ್ದು ಸರಿ, 2005ರಿಂದ 2010ರ ನಡುವಿನ ಮೈಸ್ಪೇಸ್ (ಆಗ ಬ್ಯಾಂಡ್‌ಗಳು ಹಾಡು ಹಾಕ್ತಿದ್ದ ಸಾಮಾಜಿಕ ಜಾಲತಾಣ) ಬ್ಯಾಂಡ್‌ಗಳ ಕಥೆ? ಡಿಸ್ಕಾಗ್ಸ್‌ನಲ್ಲಿ ಒಂದು ಸಿಡಿ-ಆರ್ (ಮನೆಯಲ್ಲೇ ಬರೆದ ಸಿಡಿ) ಎಂಟ್ರಿ ಬಿಟ್ಟರೆ ಏನೂ ಸಿಗಲ್ಲ.

ಟೇಪ್_ಹಿಸ್:

ಆ ಕಾಲದ್ದೇ ಕಷ್ಟ. ನಲವತ್ತು ವರ್ಷದ ಹಿಂದಿನ ವಿನೈಲ್ ಉಳಿದಿದೆ, ಹದಿನೈದು ವರ್ಷದ ಹಿಂದಿನ ಎಂಪಿ3 ಇಲ್ಲ. 2003ರಿಂದ 2015ರವರೆಗೆ ಅಪ್‌ಲೋಡ್ ಆದ ಸಂಗೀತ ಸರ್ವರ್ ಬದಲಾವಣೆಯಲ್ಲಿ ಹೋಯ್ತು ಅಂತ ಮೈಸ್ಪೇಸ್ 2019ರಲ್ಲಿ ಒಪ್ಪಿಕೊಂಡಿತು. ಇಂಟರ್ನೆಟ್ ಆರ್ಕೈವ್‌ನಲ್ಲಿ ‘ಡ್ರ್ಯಾಗನ್ ಹೋರ್ಡ್’ ಅನ್ನೋ ಹೆಸರಲ್ಲಿ ಸುಮಾರು 4,90,000 ಹಾಡು ಉಳಿದುಕೊಂಡಿವೆ, 2008ರಿಂದ 2010ರ ನಡುವಿನವು. ಮೊದಲು ಅಲ್ಲಿ ಬ್ಯಾಂಡ್ ಹೆಸರು ಹಾಕಿ. ಸಿಗದಿದ್ದರೆ ಹಾಡಿನ ಹೆಸರು.

ಆಮೇಲೆ ವೇಬ್ಯಾಕ್ ಮಷೀನ್, ಅಂದರೆ ಹಳೇ ವೆಬ್‌ಪುಟಗಳ ಪ್ರತಿ ಉಳಿಸಿಟ್ಟಿರೋ ಜಾಗ. ಬ್ಯಾಂಡ್ ಪುಟಕ್ಕಿಂತ ಅವರ ಲೇಬಲ್‌ನ ಹಳೇ ಸೈಟ್ ಹಾಕಿ ನೋಡಿ. ಆ ಕಾಲದ ಪುಟ್ಟ ಲೇಬಲ್‌ಗಳು ಮಾದರಿ ಹಾಡನ್ನು ನೇರ ಎಂಪಿ3 ಕೊಂಡಿಯಾಗಿ ಕೊಡ್ತಿದ್ದವು, ಪ್ಲೇಯರ್ ಒಳಗೆ ಹೂತಿಡ್ತಿರಲಿಲ್ಲ. ಹಾಗಾಗಿ ಕೆಲವೊಮ್ಮೆ ಫೈಲೂ ಉಳಿದಿರುತ್ತೆ. ಒಂದು ದಿನಾಂಕದ ಪ್ರತಿಯಲ್ಲಿ ಕೊಂಡಿ ಸತ್ತಿದ್ದರೆ ಹಿಂದಿನ, ಮುಂದಿನ ದಿನಾಂಕಗಳನ್ನೂ ತೆರೆದು ನೋಡಿ. ಸಿಕ್ಕ ಫೈಲನ್ನು ಕೂಡಲೇ ಮರುಹೆಸರಿಸಬೇಡಿ, ಮೂಲ ಹೆಸರೇ ಮುಂದಿನ ಹುಡುಕಾಟದ ಸುಳಿವು.

ಇನ್ನೊಂದು: ಜಪಾನಿನಲ್ಲಿ ಈ ಬಗೆಯ ಸಂಗೀತಕ್ಕೆ ನಿಯೋ ಅಕೌಸ್ಟಿಕ್ ಅಂತಾರೆ, ಚಿಕ್ಕದಾಗಿ ‘ನಿಯೋಅಕೋ’. ಅದನ್ನು ಜಪಾನೀ ಲಿಪಿಯಲ್ಲಿ ಹಾಕಿ, ಪಕ್ಕದಲ್ಲಿ ಬ್ಯಾಂಡ್ ಹೆಸರು ಇಂಗ್ಲಿಷಿನಲ್ಲಿ ಕೊಡಿ. ಬೇರೆಲ್ಲೂ ಕಾಣದ ಸಿಡಿ, ಬೋನಸ್ ಹಾಡುಗಳ ಪಟ್ಟಿ ಅಲ್ಲಿನ ಅಂಗಡಿಗಳ ಪುಟದಲ್ಲಿ ಸಿಗುತ್ತೆ.

ಈಗ ಫ್ಲೆಕ್ಸಿ. ಮಾರೋರು ವಿಜಿ ಪ್ಲಸ್ (ವೆರಿ ಗುಡ್ ಪ್ಲಸ್, ರೆಕಾರ್ಡ್ ಸ್ಥಿತಿಯ ಗ್ರೇಡ್) ಅಂತ ಹಾಕಿದ್ದರೆ ಒಂದೇ ಪ್ರಶ್ನೆ ಕೇಳಿ: ಹಾಕಿ ಕೇಳಿದ್ದೀರಾ, ಕಣ್ಣಲ್ಲಿ ನೋಡಿ ಗ್ರೇಡ್ ಕೊಟ್ಟಿದ್ದೀರಾ? ಫ್ಯಾನ್‌ಜೀನ್ ಒಳಗೆ ಮಡಚಿಟ್ಟ ಫ್ಲೆಕ್ಸಿಗೆ ಗೀರು ಇರಲ್ಲ, ಮಡಿಕೆ ಇರುತ್ತೆ. ಬಾಗಿದ್ದು ಸರಿಹೋಗುತ್ತೆ, ಮಡಿಕೆ ಬಿದ್ದ ಗೆರೆ ಜನ್ಮದಲ್ಲಿ ಸರಿಹೋಗಲ್ಲ. ಬೆಳಕಿಗೆ ಓರೆಯಾಗಿ ಹಿಡಿದು ತೆಗೆದ ಫೋಟೋ ಕೇಳಿ.

ಕೈಗೆ ಬಂದ ಮೇಲೆ ಎರಡು ದಪ್ಪ ಪುಸ್ತಕದ ನಡುವೆ ಕೆಲವು ದಿನ ಇಡಿ, ಬಿಸಿ ಮಾತ್ರ ತೋರಿಸಬೇಡಿ. ನುಡಿಸುವಾಗ ಕೆಳಗೆ ಒಂದು ಚಪ್ಪಟೆ ಎಲ್‌ಪಿ ಹಾಸಿ, ಅದರ ಮೇಲೆ ಫ್ಲೆಕ್ಸಿ ಇಡಿ. ಎಲ್‌ಪಿ ಬೇಡದ್ದಾಗಿರಲಿ, ಗೀರು ಬಿದ್ದರೆ ಅಳೋ ಹಾಗಿರಬಾರದು. ಹಾಡಿನ ನಡುವೆ ಸ್ಪೀಡ್ ತೇಲಿದ ಹಾಗೆ ಕೇಳಿಸಿದರೆ ಮೋಟಾರ್ ಕೆಟ್ಟಿಲ್ಲ, ಹಗುರವಾದ ಫ್ಲೆಕ್ಸಿ ಜಾರ್ತಿದೆ. ನಡುವಿನ ಹಾಡಿಲ್ಲದ ಜಾಗದಲ್ಲಿ ಒಂದು ಸಣ್ಣ ನಾಣ್ಯ ಇಡಿ, ಮುಳ್ಳಿನ ತಲೆಗೆ ತಾಗದಷ್ಟು ಒಳಗೆ. ಟ್ರ್ಯಾಕಿಂಗ್ ಭಾರವನ್ನು (ಮುಳ್ಳು ರೆಕಾರ್ಡ್ ಮೇಲೆ ಒತ್ತೋ ತೂಕ) ಮುಳ್ಳು ಕೂರೋ ನಿಮ್ಮ ಕಾರ್ಟ್ರಿಜ್‌ಗೆ ಹೇಳಿರೋ ಮಿತಿಯ ಮೇಲ್ತುದಿಗೆ ಹೊಂದಿಸಿ, ದಾಟಿಸಬೇಡಿ. ಹೆಚ್ಚಿನ ಫ್ಲೆಕ್ಸಿಗಳು 33⅓ ವೇಗದವು, 45ರಲ್ಲಿ ಹಾಕಿ ಗಾಯಕಿಯ ಧ್ವನಿ ಮಗುವಿನ ಹಾಗಿದೆ ಅಂದುಕೊಳ್ಳೋರಿದ್ದಾರೆ. ಟ್ವೀ ಅಂದರೆ ಹೀಗೇ ಇರುತ್ತೆ ಅಂತ ನಂಬೋದು ಸುಲಭ ನೋಡಿ!

ರೆಕಾರ್ಡಿಂಗ್ 24 ಬಿಟ್, ಅತಿ ಜೋರಿನ ಜಾಗ ಮೈನಸ್ 6 ಡೆಸಿಬೆಲ್ ಹತ್ತಿರ. ಮೂಲ ಫೈಲ್ ಮುಟ್ಟದೆ ಇಟ್ಟು, ಪ್ರತಿಯ ಮೇಲೆ ಕೆಲಸ ಮಾಡಿ. ಡಿ-ಕ್ಲಿಕ್ (ಟಪ್ ಸದ್ದು ತೆಗೆಯೋ ಫಿಲ್ಟರ್) ಜಾಸ್ತಿ ಹಾಕಿದರೆ ಟ್ಯಾಂಬರೀನ್ ಮತ್ತು ಗಿಟಾರ್ ತಂತಿಯ ಮೊದಲ ಮೀಟು ಎರಡನ್ನೂ ಸಾಫ್ಟ್‌ವೇರ್ ಧೂಳು ಅಂತಲೇ ತಿಳಿದು ಒರೆಸಿಹಾಕುತ್ತೆ. ಕಿಣಿಕಿಣಿಯೇ ಇಲ್ಲದ ಮೇಲೆ ಇಷ್ಟೆಲ್ಲ ಕಷ್ಟ ಯಾಕೆ? ಒರಟಾದ ಟಪ್ ಸದ್ದುಗಳನ್ನು ಮಾತ್ರ ಕೈಯಾರೆ ಒಂದೊಂದಾಗಿ ತೆಗೀರಿ.

ಏಳಿಂಚು:

ಟೇಪ್_ಹಿಸ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಫ್ಲೆಕ್ಸಿಗೆ ದುಬಾರಿ ಬೆಲೆ ಕೊಡೋ ಮುಂಚೆ ಬ್ಯಾಂಡ್ ಸದಸ್ಯರ ಪೂರ್ತಿ ಹೆಸರು ಹಾಕಿ ಬ್ಯಾಂಡ್‌ಕ್ಯಾಂಪ್‌ನಲ್ಲಿ ಹುಡುಕಿ. ಎಷ್ಟೋ ಜನ ತಮ್ಮ ಹಳೇ ಡೆಮೊಗಳನ್ನು ತಾವೇ ಅಲ್ಲಿ ಹಾಕಿರ್ತಾರೆ, ಮಾಸ್ಟರ್ ಟೇಪ್‌ನಿಂದ ತೆಗೆದದ್ದು. ಪುಟ ಇದ್ದರೆ ಸಂಪರ್ಕದ ಕೊಂಡಿಯಿಂದ ಎರಡು ಸಾಲು ಬರೆದು ಕೇಳಿ. ನೀವು ಡಿಜಿಟಲ್ ಮಾಡಿದ್ದನ್ನು ಯೂಟ್ಯೂಬ್‌ಗೆ ಏರಿಸೋ ಮುಂಚೆಯೂ ಅಷ್ಟೇ, ಒಂದು ಮಾತು ಕೇಳಿ.

ರಿವರ್ಬ್_ರಾಣಿ:

ಸರಿ. ಕ್ಯಾಸೆಟ್ ಬಾಕಿ ಉಳಿಯಿತು. ಒಂದು ಡೆಮೊ ಟೇಪ್ ಕಂಬಳಿ ಹೊದಿಸಿದ ಹಾಗೆ ಮಂಕಾಗಿ ಕೇಳಿಸುತ್ತೆ, ಟೇಪೇ ಹೋಗಿದೆಯಾ?

ಟೇಪ್_ಹಿಸ್:

ಹೆಚ್ಚಾಗಿ ಟೇಪ್ ಹೋಗಿರಲ್ಲ. ಮೊದಲು ಡೆಕ್‌ನ ಹೆಡ್ (ಟೇಪ್ ಓದೋ ಭಾಗ) ಐಸೊಪ್ರೊಪಿಲ್ ಆಲ್ಕೊಹಾಲ್‌ನಿಂದ ಒರೆಸಿ. ಆಮೇಲೆ ಟೇಪಿನ ಹಿಸ್ ಸದ್ದು ಕಮ್ಮಿ ಮಾಡೋ ಡಾಲ್ಬಿ ಬಿ ಆಫ್ ಮಾಡಿ ನೋಡಿ. ಡಾಲ್ಬಿ ಇಲ್ಲದೆ ರೆಕಾರ್ಡ್ ಆದ ಟೇಪನ್ನು ಡಾಲ್ಬಿ ಹಾಕಿ ಕೇಳಿದರೆ ಮೇಲಿನ ಸ್ವರಗಳೆಲ್ಲ ಸತ್ತುಹೋಗ್ತವೆ. ಮೂರನೆಯದು, ಟೇಪಿನ ನಡುವಿನ ಸ್ಪಂಜಿನ ಪ್ರೆಶರ್ ಪ್ಯಾಡ್. ಹಳೇ ಕ್ಯಾಸೆಟ್‌ಗಳಲ್ಲಿ ಅಂಟು ಒಣಗಿ ಉದುರಿರುತ್ತೆ, ಬೇಡದ ಕ್ಯಾಸೆಟ್‌ನಿಂದ ಒಂದು ತೆಗೆದು ಹಾಕಿ.

ಇಷ್ಟಕ್ಕೂ ಬಗ್ಗದಿದ್ದರೆ ಅಜಿಮತ್, ಅಂದರೆ ಟೇಪಿಗೆ ಹೆಡ್ ನಿಂತ ಕೋನ. ಮನೆಯಲ್ಲಿ ನಕಲು ಮಾಡಿದ ಡೆಮೊಗಳಲ್ಲಿ ಇದೇ ಮುಖ್ಯ ಕಾರಣ: ರೆಕಾರ್ಡ್ ಮಾಡಿದ ಡೆಕ್‌ನ ಹೆಡ್ ಓರೆ ಇದ್ದು, ನಿಮ್ಮದು ನೇರ ಇದ್ದರೂ ಮಂಕೇ. ಹೆಡ್ ಪಕ್ಕದ ಸ್ಪ್ರಿಂಗ್ ಇರೋ ಸ್ಕ್ರೂ ಈಗ ಯಾವ ಕಡೆ ನಿಂತಿದೆ ಅಂತ ಮಾರ್ಕರ್‌ನಿಂದ ಗುರುತು ಹಾಕಿ. ಔಟ್‌ಪುಟ್ ಮೊನೊ ಮಾಡಿ, ಹಾಡು ಓಡ್ತಿರುವಾಗ ಕಾಲು ಸುತ್ತಿಗಿಂತ ಕಮ್ಮಿ ಅತ್ತಿತ್ತ ತಿರುಗಿಸಿ. ಹೈ-ಹ್ಯಾಟ್ ಅತಿ ಸ್ಪಷ್ಟವಾಗಿ ಕೇಳೋ ಜಾಗದಲ್ಲಿ ನಿಲ್ಲಿಸಿ. ಮ್ಯಾಗ್ನೆಟ್ ಇಲ್ಲದ ಸ್ಕ್ರೂಡ್ರೈವರ್ ಆಗಿರಲಿ. ಎರಡನೇ ಬದಿಗೆ ಮತ್ತೆ ಹೊಂದಿಸಬೇಕಾಗಬಹುದು. ಕೆಲಸ ಮುಗಿದ ಮೇಲೆ ಸ್ಕ್ರೂ ಮೊದಲಿನ ಗುರುತಿಗೆ ತರೋದು ಮರೀಬೇಡಿ, ಇಲ್ಲದಿದ್ದರೆ ಅಂಗಡಿಯಿಂದ ತಂದ ಒಳ್ಳೆ ಕ್ಯಾಸೆಟ್‌ಗಳೆಲ್ಲ ನಾಳೆಯಿಂದ ಮಂಕಾಗಿ ಕೇಳಿಸ್ತವೆ.