ಸಹಾಯ ಬೇಕು: ಸಿವಿಎಸ್ ಸ್ಯಾಂಪಲ್‌ನಲ್ಲಿ ತಾಯಿಯ ಕೋಶ ಬೆರೆತಿದೆಯಾ?

ಎಲ್ಲರಿಗೂ ನಮಸ್ಕಾರ. ತಂದೆ ತಾಯಿ ಇಬ್ಬರಲ್ಲೂ ಒಂದೇ ಬೀಟಾ ಥಲಸ್ಸೀಮಿಯಾ (ಆನುವಂಶಿಕ ರಕ್ತದ ಕಾಯಿಲೆ) ಮ್ಯುಟೇಶನ್ ಇದೆ, 12 ವಾರದ ಸಿವಿಎಸ್ ಸ್ಯಾಂಪಲ್ (ಮಗುವಿನ ಡಿಎನ್‌ಎ ನೋಡಲು ಪ್ಲಾಸೆಂಟಾದಿಂದ ತೆಗೆದ ಚೂರು). ಮೈಕ್ರೋಸ್ಕೋಪ್ ಕೆಳಗೆ ಡೆಸಿಡುವಾ (ತಾಯಿಯ ಗರ್ಭಕೋಶದ ಪದರ) ಬಿಡಿಸಿದ್ದೆವು, ಆದರೂ ತಾಯಿಯ ರಕ್ತದ ಜೊತೆ ಎಸ್‌ಟಿಆರ್ (ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುವ, ಮರುಕಳಿಸುವ ಡಿಎನ್‌ಎ ಗುರುತು) ಹೋಲಿಸಿದಾಗ ಮಗುವಿಗೆ ಬರದ ತಾಯಿಯ ಅಲೀಲ್ (ಆ ಗುರುತಿನ ಒಂದು ರೂಪ) ಇರುವ ಜಾಗದಲ್ಲೇ ಸಣ್ಣ ಮೂರನೇ ಪೀಕ್ ಕಾಣುತ್ತಿದೆ. ಡಿ18ಎಸ್51 ಎಂಬ ಮಾರ್ಕರ್‌ನಲ್ಲಿ ಅದು ದೊಡ್ಡ ಪೀಕ್‌ಗಿಂತ ಒಂದೇ ರಿಪೀಟ್ ಕಡಿಮೆ, ಸ್ಟಟರ್ (ಪಿಸಿಆರ್‌ನಲ್ಲೇ ಹುಟ್ಟುವ ಸುಳ್ಳು ಪೀಕ್) ಇರಬಹುದು. ಇನ್ನೊಂದು ಮಾರ್ಕರ್ ಡಿ21ಎಸ್11ರಲ್ಲಿ ಹಾಗೆ ಹೇಳಲು ಆಗುವುದಿಲ್ಲ.

ಆರ್ಮ್ಸ್ ಪಿಸಿಆರ್‌ನಲ್ಲಿ (ನಾರ್ಮಲ್ ಜೀನ್, ಮ್ಯುಟೇಶನ್ ಎರಡನ್ನೂ ಬೇರೆ ಬೇರೆ ತೋರಿಸುವ ಪರೀಕ್ಷೆ) ನಾರ್ಮಲ್ ಬ್ಯಾಂಡ್ ಮಸುಕಾಗಿ ಬಂದಿದೆ. ಅದು ತಾಯಿಯದ್ದೇ ಆಗಿದ್ದರೆ, ಕಾಯಿಲೆ ಇರುವ ಮಗುವನ್ನು ನಾವು ಕ್ಯಾರಿಯರ್ (ಒಂದು ಜೀನ್‌ನಲ್ಲಿ ಮಾತ್ರ ಮ್ಯುಟೇಶನ್ ಇರುವ ಮಗು) ಅಂತ ಬರೆದುಬಿಡುತ್ತೇವೆ ಅಲ್ವಾ? ಸುಮ್ನೆ ರಿಪೋರ್ಟ್ ಕೊಡಲು ಮನಸ್ಸು ಒಪ್ಪುತ್ತಿಲ್ಲ.

ಉಳಿದ ವಿಲ್ಲೈ (ಪ್ಲಾಸೆಂಟಾದಲ್ಲಿ ಮಗುವಿನ ಕಡೆಯ ಎಳೆಗಳು) ಮತ್ತೆ ಬಿಡಿಸಿ ಹೊಸದಾಗಿ ಡಿಎನ್‌ಎ ತೆಗೆಯಬೇಕಾ, ಇಲ್ಲಾ 16 ವಾರಕ್ಕೆ ಆಮ್ನಿಯೋ (ಮಗುವಿನ ಸುತ್ತಲಿನ ನೀರಿನ ಪರೀಕ್ಷೆ) ಕೇಳಬೇಕಾ? ಆ ತಾಯಿ ಇನ್ನೊಂದು ತಿಂಗಳು ಕಾಯುವುದು ತುಂಬಾ ಕಷ್ಟ. ಎಷ್ಟು ಮಾರ್ಕರ್‌ನಲ್ಲಿ ಕಂಡರೆ ನೀವು ಸ್ಯಾಂಪಲ್ ಕೈಬಿಡುತ್ತೀರಿ? ಅನುಭವ ಇರುವವರು ದಯವಿಟ್ಟು ಹೇಳಿ.