ಸಹಾಯ ಬೇಕು: ಅಪ್ಪನಿಗಿರುವುದು ಆಸ್ತಮಾನಾ, ಸಿಒಪಿಡಿನಾ (ಶ್ವಾಸನಾಳ ಕಾಯಂ ಆಗಿ ಕಿರಿದಾಗುವ ಕಾಯಿಲೆ), ಎರಡೂನಾ?

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ ಚಿಕ್ಕಂದಿನಿಂದಲೂ ಆಸ್ತಮಾ. ಅದರ ಮೇಲೆ ಬಹಳ ವರ್ಷ ಸಿಗರೇಟು ಸೇದಿದ್ದಾರೆ. ಈಗ ಬಿಟ್ಟಿದ್ದಾರೆ, ಆದರೂ ಉಬ್ಬಸ ಇಳಿದಿಲ್ಲ. ಮೊದಲೆಲ್ಲಾ ಧೂಳು, ಚಳಿಗೆ ಮಾತ್ರ ಉಸಿರು ಕಟ್ಟುತ್ತಿತ್ತು, ಮಿಕ್ಕ ದಿನ ಆರಾಮಾಗಿರುತ್ತಿದ್ದರು. ಈಗ ದಿನವೂ ಅದೇ ಪಾಡು. ಮೆಟ್ಟಿಲು ಹತ್ತುವಾಗ ಅರ್ಧದಲ್ಲೇ ಕಂಬಿ ಹಿಡಿದು ನಿಂತು, ತುಟಿ ಚೂಪು ಮಾಡಿ ನಿಧಾನವಾಗಿ ಉಸಿರು ಬಿಡುತ್ತಾರೆ. ನೋಡೋಕೆ ಆಗಲ್ಲ.

ಸ್ಪೈರೊಮೆಟ್ರಿ (ಊದಿಸಿ ಶ್ವಾಸಕೋಶದ ಶಕ್ತಿ ಅಳೆಯುವ ಪರೀಕ್ಷೆ) ಮಾಡಿಸಿದೆವು. ಔಷಧಿ ಎಳೆದುಕೊಂಡ ಮೇಲೆ ಎಫ್‌ಇವಿ1 (ಜೋರಾಗಿ ಊದಿದಾಗ ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ) 350 ಮಿ.ಲೀ., ಅಂದರೆ ಸುಮಾರು 22% ಏರಿತು. ಆದರೆ ಎಫ್‌ಇವಿ1/ಎಫ್‌ವಿಸಿ ಅನುಪಾತ (ಪೂರ್ತಿ ಊದಿದ ಒಟ್ಟು ಗಾಳಿಯಲ್ಲಿ ಮೊದಲ ಸೆಕೆಂಡಿನದರ ಪಾಲು) 0.61ರಲ್ಲೇ ನಿಂತಿತು. ಅದು 0.70ಕ್ಕಿಂತ ಕಡಿಮೆ ಇದ್ದರೆ ಸಿಒಪಿಡಿ ಕಡೆಗೆ ಬೆರಳು ತೋರಿಸುತ್ತದೆ ಅಲ್ವಾ? ಇಷ್ಟು ಏರಿದೆ, ಆಸ್ತಮಾನೇ ಅಂತ ಒಬ್ಬ ಡಾಕ್ಟರ್. ಪೂರ್ತಿ ಸರಿಹೋಗಿಲ್ಲ, ಸಿಒಪಿಡಿ ಅಂತ ಇನ್ನೊಬ್ಬರು. ಅವರು ಸ್ಟಿರಾಯ್ಡ್ ಇಲ್ಲದ ಇನ್ಹೇಲರ್ ಬರೆದುಕೊಟ್ಟಿದ್ದಾರೆ.

ನನಗೆ ಭಯ ಇರುವುದು ಇಲ್ಲೇ. ಆಸ್ತಮಾ ಇರುವವರಿಗೆ ಸ್ಟಿರಾಯ್ಡ್ ಬಿಟ್ಟು ಬರೀ ಶ್ವಾಸನಾಳ ಹಿಗ್ಗಿಸುವ ಔಷಧಿ ಕೊಡುವುದು ಅಪಾಯ ಅಂತಾರೆ. ಸಿಗರೇಟು ಸೇದುತ್ತಿದ್ದರೆ ಸ್ಟಿರಾಯ್ಡ್ ಇನ್ಹೇಲರ್ ಅಷ್ಟಾಗಿ ಕೆಲಸ ಮಾಡಲ್ಲ ಅನ್ನುವುದೂ ನಿಜ. ಈಗ ಬಿಟ್ಟಿದ್ದಾರಲ್ಲ, ಮತ್ತೆ ಚೆನ್ನಾಗಿ ಹಿಡಿಯಬಹುದೇನೋ. ಸ್ಪೇಸರ್ (ಇನ್ಹೇಲರ್ ಬಾಯಿಗೆ ಸಿಕ್ಕಿಸುವ ಕೊಳವೆ) ತಂದಿದ್ದೇವೆ, ಎಳೆದುಕೊಳ್ಳುವ ರೀತಿಯನ್ನೂ ನರ್ಸ್ ಹತ್ತಿರ ತಿದ್ದಿಸಿದ್ದೇವೆ. ಹಳೆ ಇನ್ಹೇಲರ್ ಸದ್ಯಕ್ಕೆ ನಿಲ್ಲಿಸಿಲ್ಲ.

ಎರಡೂ ಕಾಯಿಲೆ ಒಟ್ಟಿಗೆ ಇರುವವರು ಅಥವಾ ಅಂಥವರನ್ನು ನೋಡಿಕೊಳ್ಳುವವರು ಇದ್ದರೆ ದಯವಿಟ್ಟು ಹೇಳಿ: ನಿಮಗೆ ಸ್ಟಿರಾಯ್ಡ್ ಇನ್ಹೇಲರ್ ಮುಂದುವರಿಸಿದರಾ? ಅದನ್ನು ತೀರ್ಮಾನಿಸಲು ರಕ್ತದ ಇಯೊಸಿನೊಫಿಲ್ (ಒಂದು ಬಗೆಯ ಬಿಳಿ ರಕ್ತಕಣ) ಪರೀಕ್ಷೆ, ಸಿ.ಟಿ. ಸ್ಕ್ಯಾನ್ ಇವುಗಳಲ್ಲಿ ಯಾವುದನ್ನು ಮಾಡಿಸಿದರು?