ತುಕ್ಕಿನ ಫಿಲ್ಟರ್‌ನಾಗ ಯುರೇನಿಯಂ ನಿಲ್ಲವಲ್ದು – ಮುಂಡರಗಿ ಕಡೆ ಬೋರ್ ನೀರು

ಮಸಾರಿ_ಹೊಲ:
ನಮಸ್ಕಾರ್ರೀ. ನಮ್ಮ ಬೋರಿನ ನೀರಿನಾಗ ಯುರೇನಿಯಂ ಲೀಟರಿಗೆ 52 ಮೈಕ್ರೋಗ್ರಾಂ ಅಂತ ರಿಪೋರ್ಟ್ ಬಂದೈತಿ. ಆರ್ಸೆನಿಕ್‌ಗೆ ಮಾಡ್ತಾರಲ್ಲ, ಹಂಗ ಡ್ರಮ್ಮಿನಾಗ ತುಕ್ಕು ಹತ್ತಿಸಿದ ಉಸುಕು ತುಂಬಿ ಫಿಲ್ಟರ್ ಕಟ್ಟೀನಿ. ಹಾಯ್ದು ಬಂದ ನೀರು ಲ್ಯಾಬಿಗೆ ಕೊಟ್ರ 49! ಉಸುಕು ಕಡಿಮಿ ಬಿತ್ತೋ, ನೀರು ಜೋರ್ ಹರಿಯಾಕತ್ತೈತೋ? ಪಿಎಚ್ 7.9, ಕ್ಷಾರತೆ 440, ಕ್ಯಾಲ್ಸಿಯಂ 98.

ಹುಬ್ಬಳ್ಳಿ_ರಸಾಯನ:
ಇನ್ನೊಂದು ಡ್ರಮ್ ಕೂಡಿಸಿದ್ರೂ ಅಷ್ಟೇ ರೀ. ಫಿಲ್ಟರ್ ಬಿಡ್ರಿ, ಕ್ಷಾರತೆ 440 ಅಂತ ಐತಲ್ಲ, ಅಲ್ಲೇ ಐತಿ ಕಥಿ. ಕ್ಷಾರತೆ ಅಂದ್ರ ಇಲ್ಲಿ ಬಹುತೇಕ ನೀರಿನಾಗಿನ ಬೈಕಾರ್ಬೋನೇಟೇ. ಬೈಕಾರ್ಬೋನೇಟ್ ಕಡಿಮಿ ಇದ್ದು ಪಿಎಚ್ 6ರ ಆಸುಪಾಸು ಇದ್ರ ಯುರೇನೈಲ್ (ನೀರಿನಾಗ ಕರಗಿದ ಯುರೇನಿಯಂನ ರೂಪ) ತುಕ್ಕಿನ ಮೈಗೆ ಗಟ್ಟಿ ಅಂಟ್ಕೋತೈತಿ. ನಿಮ್ಮ ನೀರಿನಾಗ ಒಂದು ಯುರೇನೈಲ್‌ಗೆ ಮೂರು ಕಾರ್ಬೋನೇಟ್ ಕಟ್ಕೊಂಡು ನಾಲ್ಕು ಋಣ ಚಾರ್ಜ್ ಬಂದಿರತೈತಿ, ಅದಕ್ಕ ಎರಡು ಕ್ಯಾಲ್ಸಿಯಂ ಕೂಡಿದ್ರ ಚಾರ್ಜೇ ಸೊನ್ನೆ. ತುಕ್ಕು ಇನ್ನೇನು ಹಿಡದೀತು?

ಮಸಾರಿ_ಹೊಲ:
ಮ್ಯಾಲೆ ಅಷ್ಟು ದಪ್ಪ ಎರಿ ಮಣ್ಣು ಐತಲ್ರಿ, ಅದಾದ್ರೂ ತಡೀಬೇಕಿತ್ತಲ್ಲ?

ಹುಬ್ಬಳ್ಳಿ_ರಸಾಯನ:
ಯುರೇನಿಯಂ ಬರೋದು ಮ್ಯಾಲಿಂದಲ್ಲ, ತಳದ ಗ್ರಾನೈಟ್, ನೈಸ್ ಕಲ್ಲಿನಿಂದ. ಎರಿ ಜೇಡಿಗೆ ಇರೋದು ಋಣ ಚಾರ್ಜ್. ಸೀಸಿಯಂ-137ರಂಥ ಧನ ಅಯಾನ್ ಬಂದ್ರ ಹಿಡೀತೈತಿ, ಋಣ ಇಲ್ಲಾ ಸೊನ್ನೆ ಚಾರ್ಜಿನ ಈ ಯುರೇನಿಯಂ ಗಂಟನ್ನ ಬಿಟ್ಟುಬಿಡತೈತಿ. ಎರಿ ಹೊಲ ಅಗದ್ರ ಬಿಳಿ ಸುಣ್ಣದ ಹರಳು ಸಿಗ್ತಾವಲ್ಲ, ಮಳಿ ನೀರು ಅವನ್ನ ಕರಗಿಸಿಕೊಂಡ ಕೆಳಗಿಳಿಯೋದು. ಕ್ಯಾಲ್ಸಿಯಂ, ಬೈಕಾರ್ಬೋನೇಟ್ ಎರಡೂ ಪುಕ್ಕಟ! ಅಂದ್ರ ಎರಿ ಮಣ್ಣು ತಡಿಯೋದು ಒತ್ತಟ್ಟಿಗಿರ್ಲಿ, ಯುರೇನಿಯಂ ಕಲ್ಲು ಬಿಟ್ಟು ಹೊಂಡಾಕ ಅದ ದಾರಿ ಮಾಡಿಕೊಡತೈತಿ.

ಕುಡಿಯೋ ನೀರಿಗೆ ಆರ್‌ಓ ಹಾಕ್ಸ್ರಿ, ಫ್ಲೋರೈಡ್ ಇದ್ರ ಅದೂ ಇಳೀತೈತಿ. ಇಲ್ಲಾಂದ್ರ ಅನಯಾನ್ ರೆಸಿನ್, ಋಣ ಚಾರ್ಜಿನ ಗಂಟನ್ನ ಅದು ಚಲೋ ಹಿಡೀತೈತಿ. ಅಂಗಡ್ಯಾಗ ಗಡಸು ನೀರಿನ ಸಾಫ್ಟ್‌ನರ್ ರೆಸಿನ್ ಕೈಯಾಗ ಇಟ್ಟು ಕಳಸ್ತಾರ, ಅದು ಕ್ಯಾಟಯಾನ್, ಅಂದ್ರ ಧನ ಅಯಾನ್ ಹಿಡಿಯೋದು, ನಿಮಗ ಉಪಯೋಗಿಲ್ಲ. ಕುದಿಸೋದಂತೂ ಬ್ಯಾಡ. ನೀರು ಹಾರಿ ಯುರೇನಿಯಂ ಅಲ್ಲೇ ಉಳೀತೈತಿ.

ಬೆಟಗೇರಿ_ವೈರ್‌ಮನ್:
ನನ್ ಹತ್ರ ಗೈಗರ್ ಕೌಂಟರ್ ಐತಿ, ಅದರಾಗ ನೋಡಿದ್ರ?

ಹುಬ್ಬಳ್ಳಿ_ರಸಾಯನ:
ಏನೂ ಕಾಣ್ಸಂಗಿಲ್ಲ. ಯುರೇನಿಯಂ-238ರ ಅರ್ಧಾಯುಷ್ಯ ಸುಮಾರು 447 ಕೋಟಿ ವರ್ಷ. 52 ಮೈಕ್ರೋಗ್ರಾಂ ಅಂದ್ರ ಸೆಕೆಂಡಿಗೆ ಒಂದು ವಿಘಟನೆಯೂ ಇಲ್ಲ, ಅದರ ಆಲ್ಫಾ ಕಣ ನೀರು ದಾಟಿ ಹೊರಗ ಬರೋದೂ ಇಲ್ಲ. ಇಲ್ಲಿ ಅಂಜಿಕೆ ವಿಕಿರಣದ್ದಕ್ಕಿಂತ ಮೂತ್ರಪಿಂಡದ್ದು. ವಿಶ್ವ ಆರೋಗ್ಯ ಸಂಸ್ಥೆ ಹಾಕಿರೋ 30 ಮೈಕ್ರೋಗ್ರಾಂ ಮಿತಿನೂ ಅದನ್ನ ನೋಡೇ.

ಮಸಾರಿ_ಹೊಲ:
ಆರ್‌ಓ ಬಿಡೋ ಕೆಟ್ಟ ನೀರು ದನಕ್ಕ ಕುಡಿಸಬೌದೇನ್ರಿ?

ಹುಬ್ಬಳ್ಳಿ_ರಸಾಯನ:
ಬ್ಯಾಡ್ರಿ, ಯುರೇನಿಯಂ ಅದರಾಗ ಇನ್ನೂ ದಟ್ಟ ಆಗಿರತೈತಿ. ಸಂಡಾಸಿಗೆ, ನೆಲ ಒರಸಾಕ ಬಳಸ್ರಿ. ಹಾಕ್ಸಿದ ಮ್ಯಾಲೆ ಶೋಧಿಸಿದ ನೀರನ್ನ ಮತ್ತೊಮ್ಮೆ ಲ್ಯಾಬಿಗೇ ಕೊಡ್ರಿ. ಟಿಡಿಎಸ್ ಮೀಟರ್ ಕರಗಿದ ಉಪ್ಪಿನ ಒಟ್ಟು ಅಂದಾಜು ತೋರಿಸ್ತೈತಿ, ಯುರೇನಿಯಂ ಹೇಳಂಗಿಲ್ಲ.